ಮುನ್ನರಿವಿನ ಋಣ

ದಂಡೆತ್ತಿ ಹೊರಟ ಸೇನೆಯು ಶತ್ರುವಿನ ಶಸ್ತ್ರಕ್ಕಿಂತ ರೋಗಕ್ಕೇ ಹೆಚ್ಚಾಗಿ ಬಲಿಯಾದ ಯುದ್ಧಗಳು ಹಲವು. ಆದುದರಿಂದಲೇ ಸುಶ್ರುತಸಂಹಿತೆಯ ಯುಕ್ತಸೇನೀಯಾಧ್ಯಾಯವು ಬೀಡಿನಲ್ಲಿ ವೈದ್ಯನ ಡೇರೆಯು ರಾಜನ ಡೇರೆಯ ಬಳಿಯಲ್ಲಿಯೇ ಇರಬೇಕೆಂದು ವಿಧಿಸಿತು. ಚರಕಸಂಹಿತೆಯ ಜನಪದೋದ್ಧ್ವಂಸನೀಯಾಧ್ಯಾಯದ ದೃಷ್ಟಿಯು ಇದಕ್ಕಿಂತ ವಿಶಾಲವಾದುದು. ಗಾಳಿ, ನೀರು, ದೇಶ, ಕಾಲ ಇವು ಕೆಟ್ಟರೆ ನಾಡಿಗೆ ನಾಡೇ ನಾಶವಾಗುವುದೆಂದೂ, ಭೂಮಿಯು ರಸಹೀನವಾಗುವ ಮೊದಲೇ ಮೂಲಿಕೆಗಳನ್ನು ಸಂಗ್ರಹಿಸಬೇಕೆಂದೂ ಪುನರ್ವಸು ಆತ್ರೇಯನು ಅಗ್ನಿವೇಶನಿಗೆ ಅಲ್ಲಿ ಉಪದೇಶಿಸುತ್ತಾನೆ. ಒಂದು ಸೇನೆಯ ಚಿಂತೆ; ಇನ್ನೊಂದು ಜನಪದದ ಚಿಂತೆ. ಸೇನೆಗಾಗಿ ಸಂಪಾದಿಸಿದ ಮುನ್ನರಿವು ಜನಪದಕ್ಕೂ ಸಲ್ಲತಕ್ಕದ್ದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಸಲ್ಲಕೂಡದೆನ್ನುವವರ ವಾದವಿಷ್ಟೆ: ರೋಗದ ಸುದ್ದಿಯು ಶತ್ರುವಿಗೆ ನಮ್ಮ ದೌರ್ಬಲ್ಯವನ್ನು ತೋರಿಸಿಕೊಡುವುದು. 1918ರ ಇನ್‌ಫ್ಲುಯೆಂಜದ ಸುದ್ದಿಯನ್ನು ಯುದ್ಧನಿರತ ರಾಷ್ಟ್ರಗಳು ಹೀಗೆಂದೇ ಅದುಮಿಟ್ಟವು. ತಟಸ್ಥವಾಗಿದ್ದ ಸ್ಪೇನಿನ ಪತ್ರಿಕೆಗಳು ಮುಚ್ಚುಮರೆಯಿಲ್ಲದೆ ಬರೆದುದರಿಂದ ರೋಗಕ್ಕೆ ಆ ದೇಶದ ಹೆಸರೇ ಅಂಟಿಕೊಂಡಿತು. ಸುದ್ದಿಯು ನಿಂತಿತೇ ಹೊರತು ರೋಗವು ನಿಲ್ಲಲಿಲ್ಲ. ಭಾರತದಲ್ಲಿಯೇ ಒಂದು ಕೋಟಿಗೂ ಹೆಚ್ಚು ಜನರು ಮಡಿದರು.

ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. ಅಮೆರಿಕದ ರಕ್ಷಣಾ ಇಲಾಖೆಯು ತನ್ನ ಸೈನಿಕರ ಆರೋಗ್ಯಕ್ಕಾಗಿ 1990ರ ದಶಕದಲ್ಲಿ ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವ ವ್ಯವಸ್ಥೆಯೊಂದನ್ನು ಏರ್ಪಡಿಸಿತು. ಅದರ ಆಶ್ರಯದಲ್ಲಿ ನಾಸಾ ಸಂಸ್ಥೆಯ ವಿಜ್ಞಾನಿಗಳು ಉಪಗ್ರಹಗಳ ಮೂಲಕ ಸಮುದ್ರದ ಉಷ್ಣತೆ, ಮಳೆ, ನೆಲದ ಹಸುರು ಇವನ್ನು ಗಮನಿಸುತ್ತಿದ್ದರು. ಪೂರ್ವ ಆಫ್ರಿಕದ ರಿಫ್ಟ್ ಕಣಿವೆ ಜ್ವರವು ಸೊಳ್ಳೆಗಳಿಂದ ಹರಡುವುದು. ಸೋಂಕುಳ್ಳ ಮೊಟ್ಟೆಗಳು ಒಣನೆಲದಲ್ಲಿ ವರ್ಷಗಟ್ಟಲೆ ಅಡಗಿದ್ದು, ಅತಿವೃಷ್ಟಿಯಲ್ಲಿ ನೀರು ನಿಂತೊಡನೆ ಒಡೆಯುವುವು. ರೋಗವು ದನಕುರಿಗಳಿಗೂ ಅವುಗಳಿಂದ ಮನುಷ್ಯರಿಗೂ ತಗಲುವುದು. 2006ರಲ್ಲಿ ವಿಜ್ಞಾನಿಗಳು ಲಕ್ಷಣಗಳನ್ನು ಕಂಡು ವಾರಗಳ ಮೊದಲೇ ಎಚ್ಚರಿಸಿದರು. ಎಚ್ಚರಿಕೆಯು ಸೇನೆಯಲ್ಲಿಯೇ ಉಳಿಯದೆ ಅಂತರರಾಷ್ಟ್ರೀಯ ಸಂಸ್ಥೆಗಳಿಗೂ ಮುಟ್ಟಿತು. ಡಿಸೆಂಬರಿನಲ್ಲಿ ಕೀನ್ಯಾದ ಗಾರಿಸ್ಸಾ ಸೀಮೆಯಲ್ಲಿ ರೋಗವು ದೃಢಪಟ್ಟಿತು. ಆದರೆ ದನಗಳಿಗೆ ಲಸಿಕೆ ಹಾಕತೊಡಗಿದುದು 2007ರ ಜನವರಿಯಲ್ಲಿ. ಆ ದೇಶದಲ್ಲಿ 150ಕ್ಕೂ ಹೆಚ್ಚು ಜನರು ಸತ್ತರು. ತಿಳಿಸಿದುದೇನೋ ಧರ್ಮವೇ, ತಿಳಿದ ಮೇಲೆ ಮಾಡುವ ಕಾರ್ಯವು ಹಿಂದೆ ಬಿತ್ತು.

ಅಧಿಕಾರಿಗಳ ಹಿಂಜರಿಕೆಗೂ ಕಾರಣವಿಲ್ಲದಿಲ್ಲ. 1976ರಲ್ಲಿ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಶಿಬಿರದಲ್ಲಿ ಸೈನಿಕನೊಬ್ಬನು ಹಂದಿಯ ಇನ್‌ಫ್ಲುಯೆಂಜದಿಂದ ಸತ್ತಾಗ, ಮಾರಿಯು ಬಂದೇ ಬಿಡುವುದೆಂದು ಬಗೆದು ನಾಲ್ಕು ಕೋಟಿಗೂ ಹೆಚ್ಚು ಅಮೆರಿಕನರಿಗೆ ಲಸಿಕೆ ಚುಚ್ಚಿದರು. ಮಾರಿಯು ಬರಲಿಲ್ಲ; ಲಸಿಕೆ ಪಡೆದವರಲ್ಲಿ ಕೆಲವರಿಗೆ ನರದೌರ್ಬಲ್ಯದ ಕಠಿನ ರೋಗವು ತಗಲಿ ಕಾರ್ಯವನ್ನೇ ನಿಲ್ಲಿಸಬೇಕಾಯಿತು.

ಹಾಗಾದರೆ ಮುನ್ನರಿತವನು ಮಾಡಬೇಕಾದುದೇನು? ಆತ್ರೇಯನ ಮಾತಿನಲ್ಲಿಯೇ ಉತ್ತರವಡಗಿದೆ. ಅವನು ಮೊದಲು ಹೇಳಿದುದು ಮೂಲಿಕೆಗಳನ್ನು ಕೂಡಿಡಲು. ರೋಗವು ಬಾರದಿದ್ದರೂ ಕೂಡಿಟ್ಟ ಮದ್ದಿನಿಂದ ಯಾರಿಗೂ ಕೇಡಿಲ್ಲ. ದನಗಾಹಿಗೆ ಹೇಳಿದ ಎಚ್ಚರಿಕೆಯ ಮಾತಿನಿಂದಲೂ ಅಷ್ಟೆ. ಸುಳ್ಳಾದರೂ ಹಾನಿಯಿಲ್ಲದ ಕಾರ್ಯವನ್ನು ತಡಮಾಡದೆ ಮಾಡತಕ್ಕದ್ದು. ಸುಳ್ಳಾದರೆ ಹಾನಿಯಾಗುವ ಕಾರ್ಯಕ್ಕೆ ನಿಶ್ಚಯವಾಗುವವರೆಗೆ ಕಾಯತಕ್ಕದ್ದು. ತಿಳಿದುದನ್ನು ಬಚ್ಚಿಡುವುದಕ್ಕೆ ಮಾತ್ರ ಈ ಎರಡರಲ್ಲಿಯೂ ಎಡೆಯಿಲ್ಲ. ಸೈನಿಕನು ಕಾಯಬೇಕಾದುದು ಜನಪದವನ್ನೇ ಆದುದರಿಂದ, ಅವನಿಗಾಗಿ ಪಡೆದ ಅರಿವೂ ಜನಪದದ ಸೊತ್ತೇ ಆಗಿದೆ.