ಸ್ಕಾರಾ ಬ್ರೇಯ ಮನೆಗಳಲ್ಲಿ ದೇವರೆಲ್ಲಿದ್ದ?

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ 1850ರ ಚಳಿಗಾಲದ ಬಿರುಗಾಳಿಯೊಂದು ಕಡಲಂಚಿನ ಮರಳುದಿಬ್ಬವನ್ನು ಕೆದರಿ, ಅದರಡಿ ಹುದುಗಿದ್ದ ಕಲ್ಲುಗೋಡೆಗಳನ್ನು ಬಯಲಿಗೆ ತಂದಿತು. ಅದೇ ಸ್ಕಾರಾ ಬ್ರೇ. ಸುಮಾರು ಕ್ರಿ.ಪೂ. 3100ರಿಂದ 2500ರವರೆಗೆ ಜನ ಬಾಳಿ ಬದುಕಿದ ಈ ಹಳ್ಳಿ ಗೀಜಾದ ಮಹಾಪಿರಮಿಡ್ಡಿಗಿಂತ ಹಳೆಯದು. ಆ ದ್ವೀಪಗಳಲ್ಲಿ ಮರ ಅಪರೂಪ, ತೆಳುವಾಗಿ ಸೀಳುವ ಕಲ್ಲು ಹೇರಳ. ಹಾಗಾಗಿ ಮಂಚವೂ ಕಪಾಟೂ ಕಲ್ಲಿನವೇ ಆದವು, ಇಂದಿಗೂ ಉಳಿದವು. ನಡುವೆ ಒಲೆ, ಎರಡೂ ಬದಿಗೆ ಮಂಚ, ಬಾಗಿಲಿಗೆ ಎದುರಾಗಿ ಕಪಾಟು: ಮನೆಯಿಂದ ಮನೆಗೆ ಬಹುಮಟ್ಟಿಗೆ ಇದೇ ವಿನ್ಯಾಸ. ಚಿತ್ರ ತೋರಿಸಿದರೆ ಸಾಕು, ಇದು ಮನೆಯೆಂದು ಯಾವ ಮಗುವಿಗೂ ತಿಳಿಯುತ್ತದೆ. ಅದರ ಬೆನ್ನಿಗೇ ಏಳಬಹುದಾದ ಪ್ರಶ್ನೆ: ಇವರ ದೇವರು ಎಲ್ಲಿದ್ದ? ಕಂಡದ್ದನ್ನೆಲ್ಲ ತೋರಿಸಿ, ಅದರಿಂದ ಊಹಿಸಬಹುದಾದದ್ದನ್ನು ಊಹೆಯೆಂದೇ ಹೇಳಿ, ಅವರ ನಂಬಿಕೆಯನ್ನು ನಾವೇ ಕಟ್ಟಿಕೊಡದೆ ನಿಲ್ಲಿಸಬೇಕು ಎಂಬುದು ನನ್ನ ವಾದ. ಇದು ಪ್ರಶ್ನೆಯಿಂದ ನುಣುಚಿಕೊಳ್ಳುವುದಲ್ಲ, ಸತ್ತವರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆ.

ತೋರಿಸಲು ಬೇಕಾದಷ್ಟಿದೆ. ಹಳ್ಳಿಯೊಳಗೆ ಗುಡಿಯೆಂದು ಖಚಿತವಾಗಿ ಹೇಳಬಹುದಾದ ಕಟ್ಟಡ ಸಿಕ್ಕಿಲ್ಲ. ಆದರೆ ಏಳನೆಯ ಸಂಖ್ಯೆಯ ಮನೆಯಲ್ಲಿ ಇಬ್ಬರು ಹೆಂಗಸರನ್ನು ಗೋಡೆಯಡಿಯಲ್ಲೇ ಹೂಳಲಾಗಿತ್ತು. ಉಳಿದ ಮನೆಗಳ ಬಾಗಿಲಿಗೆ ಒಳಗಿನಿಂದ ಅಗುಳಿ, ಆ ಒಂದಕ್ಕೆ ಹೊರಗಿನಿಂದ. ಕೆಲವೇ ಮೈಲಿ ದೂರದ ಮೇಸ್‌ಹೌ ಎಂಬ ದೊಡ್ಡ ಸಮಾಧಿಯ ಓಣಿಯಲ್ಲಿ ಚಳಿಗಾಲದ ಅತಿ ಗಿಡ್ಡ ಹಗಲುಗಳ ಸಂಜೆ ಮುಳುಗುವ ಸೂರ್ಯನ ಬೆಳಕು ಹಾದು ಹಿಂಗೋಡೆಯನ್ನು ಮುಟ್ಟುತ್ತದೆ. ಅಲ್ಲೇ ಹತ್ತಿರದ ಸ್ಟೆನ್ನೆಸ್‌ನ ನಿಲುಗಲ್ಲುಗಳ ವೃತ್ತದ ನಡುವೆಯೂ ಮನೆಯೊಳಗಿನಂಥದೇ ಚೌಕದ ಒಲೆಯಿದೆ. ವಾಸಕ್ಕಲ್ಲದ ಜಾಗದ ನಟ್ಟನಡುವೆಯೂ ಒಲೆಯನ್ನು ಇಟ್ಟರೆಂದ ಮೇಲೆ, ಅದು ಅವರಿಗೆ ಬರಿಯ ಅಡುಗೆಯ ಸಲಕರಣೆ ಆಗಿರಲಿಲ್ಲ ಎಂದು ಊಹಿಸುವುದು ನ್ಯಾಯ. ಪೂಜ್ಯವಾದದ್ದು ಒಂದು ಕಡೆ, ದಿನಬಳಕೆಯದು ಇನ್ನೊಂದು ಕಡೆ ಎಂದು ನಾವು ಎಳೆಯುವ ಗೆರೆ ಅವರಿಗೆ ಇಲ್ಲದಿದ್ದಿರಬಹುದು. ಆದರೆ ಅವರು ಅಗ್ನಿಯನ್ನು ದೇವರೆಂದು ಪೂಜಿಸಿದರು, ಕಪಾಟೇ ಅವರ ದೇವರ ಪೀಠ ಎಂದು ಬರೆದ ಕೂಡಲೇ ನಾವು ಸಾಕ್ಷ್ಯವನ್ನು ಬಿಟ್ಟು ಮುಂದೆ ಹೋಗಿರುತ್ತೇವೆ.

ಹಾಗೆ ಮುಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಈ ಹಳ್ಳಿಯ ಚರಿತ್ರೆಯೇ ನಿದರ್ಶನ. 1928ರಿಂದ 1930ರವರೆಗೆ ಇಲ್ಲಿ ಉತ್ಖನನ ನಡೆಸಿದ ಗಾರ್ಡನ್ ಚೈಲ್ಡ್ ತಮ್ಮ ಕಾಲದ ಮೇಲ್ಪಂಕ್ತಿಯ ವಿದ್ವಾಂಸರು. ಅವರು ಇದನ್ನು ಬಹಳ ಈಚಿನ ಪಿಕ್ಟ್ ಜನರ ಹಳ್ಳಿಯೆಂದು ಬಗೆದರು. ಕಾಲನಿರ್ಣಯ ಎರಡು ಸಾವಿರ ವರ್ಷಕ್ಕೂ ಹೆಚ್ಚು ತಪ್ಪಿತ್ತೆಂದು ಮುಂದೆ ಸ್ಪಷ್ಟವಾಯಿತು. ಚೆಲ್ಲಿದ್ದ ಮಣಿಗಳನ್ನು ಕಂಡು, ಬಿರುಗಾಳಿಗೆ ಹೆದರಿ ಓಡುವಾಗ ಯಾರದೋ ಸರ ಹರಿದಿರಬೇಕೆಂದು ಕಥೆ ಹುಟ್ಟಿತು. ಜನ ಹಳ್ಳಿಯನ್ನು ಮೆಲ್ಲಮೆಲ್ಲನೆ ತೊರೆದಿರಬೇಕೆಂಬುದು ಈಗಿನ ಅಭಿಪ್ರಾಯ. ಕೈಯಲ್ಲಿ ಹಿಡಿದು ಪರೀಕ್ಷಿಸಬಹುದಾದ ವಸ್ತುಗಳ ವಿಷಯದಲ್ಲೇ ಹೀಗಾದರೆ, ಬರಹವನ್ನೇ ಬಿಟ್ಟುಹೋಗದ ಜನರ ಪ್ರಾರ್ಥನೆಯ ಬಗ್ಗೆ ಎಷ್ಟು ಎಚ್ಚರ ಬೇಡ?

ಮಕ್ಕಳಿಗೆ ಕಥೆ ಬೇಕು, ಗೊತ್ತಿಲ್ಲ ಎಂದರೆ ಅವರ ಉತ್ಸಾಹ ಕುಗ್ಗುತ್ತದೆ ಎಂಬ ಆಕ್ಷೇಪಣೆ ಹಗುರವಾದದ್ದಲ್ಲ. ಕಥೆ ಬೇಕು, ನಿಜ. ಕ್ಯಾಥ್ಲೀನ್ ಫಿಡ್ಲರ್ 1968ರಲ್ಲಿ ಈ ಹಳ್ಳಿಯನ್ನೇ ಆಧರಿಸಿ ಮಕ್ಕಳ ಕಾದಂಬರಿ ಬರೆದರು. ಕಾದಂಬರಿ ತಾನು ಕಲ್ಪನೆಯೆಂದು ಹೇಳಿಕೊಂಡೇ ಬರುವುದರಿಂದ ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಮಾಹಿತಿಯ ಪುಸ್ತಕ ಊಹೆಗೆ ಸತ್ಯದ ವೇಷ ತೊಡಿಸಿದಾಗ ಮಾತ್ರ ಮೋಸ. ಅಲ್ಲದೆ, ಹೊರಗಿನಿಂದ ಅಗುಳಿ ಹಾಕುವ ಮನೆಯ ಒಗಟು ಸಿದ್ಧ ಉತ್ತರಕ್ಕಿಂತ ಹೆಚ್ಚು ಕಾಲ ಮಗುವಿನ ಮನಸ್ಸಿನಲ್ಲಿ ಕೆಲಸ ಮಾಡುತ್ತದೆ.

ಇನ್ನೊಂದು ಆಕ್ಷೇಪಣೆ: ಮನುಷ್ಯರು ಎಲ್ಲೆಡೆ ಒಂದೇ ತಾನೆ, ನಮ್ಮನ್ನು ನೋಡಿಕೊಂಡು ಅವರನ್ನು ಅರಿಯಬಾರದೇಕೆ? ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ, ಕಲ್ಗೊಡಲಿ ಕಾಲದ ಜನ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ವಾಸದ ನೆಲೆಯಲ್ಲೇ ಹೂಳಿದ್ದು ಕಂಡಿತು. ಎರಡು ಕಡೆಯೂ ಸತ್ತವರು ಬದುಕಿದವರ ನಡುವೆಯೇ ಇದ್ದಾರೆ. ಹೋಲಿಕೆ ಮನ ಕಲಕುವಂಥದು. ಆದರೆ ಪ್ರೀತಿಗೆ ಹೂಳಿದರೋ, ಭಯಕ್ಕೋ, ಮರುಹುಟ್ಟಿನ ಆಸೆಗೋ? ಬ್ರಹ್ಮಗಿರಿಯ ಮಟ್ಟಿಗೇ ಖಚಿತವಾಗಿ ಹೇಳಲಾಗದ್ದನ್ನು ಆರ್ಕ್ನಿಗೆ ಎರವಲು ಕೊಡುವುದು ಹೇಗೆ? ಹೋಲಿಕೆಯಿಂದ ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ, ಅದನ್ನೇ ಉತ್ತರವೆಂದು ತಿಳಿಯಬಾರದು.

ಇತಿಹಾಸದ ಪಾಠವಾಗಿಯಷ್ಟೇ ಅಲ್ಲ, ಧರ್ಮದ ಪಾಠವಾಗಿಯೂ ಈ ಸಂಯಮ ಮಕ್ಕಳಿಗೆ ಬೇಕು. ಬೇರೆ ಬೇರೆ ಶ್ರದ್ಧೆಯ ನೆರೆಹೊರೆಯವರ ನಡುವೆ ಅವರು ಬೆಳೆಯುತ್ತಾರೆ. ಇನ್ನೊಬ್ಬರು ಏನು ನಂಬುತ್ತಾರೆಂದು ಅವರ ಪರವಾಗಿ ತಾನೇ ಹೇಳಿಬಿಡುವ ಚಾಳಿ ಬಹಳ ಜಗಳಗಳ ಮೂಲ. ಬದುಕಿರುವ ನೆರೆಯವರು ತಪ್ಪನ್ನು ತಿದ್ದಬಲ್ಲರು, ಐದು ಸಾವಿರ ವರ್ಷದ ಹಿಂದಿನವರು ತಿದ್ದಲಾರರು. ತಿರುಗಿ ಮಾತಾಡಲಾರದವರ ಬಗ್ಗೆಯೇ ಇಷ್ಟು ಎಚ್ಚರದಿಂದ ಯೋಚಿಸಲು ಕಲಿತ ಮಗು, ಎದುರಿಗಿರುವವರ ನಂಬಿಕೆಯನ್ನು ತಾನೇ ಊಹಿಸಿಕೊಳ್ಳದೆ ಅವರನ್ನೇ ಕೇಳಿ ತಿಳಿಯುತ್ತದೆ.