ಪ್ರಸಂಗವಿಲ್ಲದ ವೇಷ

ಕಳೆದ ಮಳೆಗಾಲದಲ್ಲಿ ದುಬಾಯಿಯಿಂದ ರಜೆಗೆ ಬಂದ ಅಣ್ಣನ ಮಗ ನನ್ನ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆಯನ್ನಿಟ್ಟ. "ಮಗನಿಗೆ ಹೊತ್ತು ಹೋಗಬೇಕಲ್ಲ ಚಿಕ್ಕಪ್ಪ, ನಿಮಗೂ ಕೈಕೆಲಸದ ಹುಚ್ಚು ಉಂಟು. ಇಬ್ಬರೂ ಸೇರಿ ಮಾಡಿ" ಎಂದ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಎರಡು ಎಂಜಿನುಗಳ ಒಂದು ಯುದ್ಧವಿಮಾನ ಮನೆಗಳ ಮಾಡಿಗೆ ತಾಗುವಷ್ಟು ಕೆಳಗೆ ಹಾರುತ್ತಿತ್ತು. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಅವುಗಳಿಗೆ ಕಾಯಿಗಳ ಹಾಗೆ ಅಂಟಿಕೊಂಡ ರೆಕ್ಕೆ, ಗಾಲಿ, ಎಂಜಿನಿನ ಗೂಡು, ಉಗುರಿಗಿಂತಲೂ ಸಣ್ಣ ಆಸನಗಳು. ವಿಮಾನದ ಹೆಸರು ಮಾಸ್ಕಿಟೊ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ನುಸಿ.

ಎರಡನೆಯ ಮಹಾಯುದ್ಧದ ವಿಮಾನಗಳನ್ನು ಹೀಗೆ ಪುಟ್ಟದಾಗಿ ಕಟ್ಟಿ ಬಣ್ಣ ಬಳಿಯುವ ಹವ್ಯಾಸ ಪ್ರಪಂಚದ ಅನೇಕ ಕಡೆಗಳಲ್ಲಿದೆ. ನಮ್ಮ ಪೆಟ್ಟಿಗೆಯದು ಎಪ್ಪತ್ತೆರಡರಲ್ಲಿ ಒಂದು ಪಾಲಿನ ಪ್ರಮಾಣ. ಎಂದರೆ ಆರಡಿಯ ಆಳು ಒಂದು ಇಂಚಿಗೆ ಇಳಿಯುತ್ತಾನೆ. 54 ಅಡಿಯ ರೆಕ್ಕೆ ಒಂದು ಗೇಣಾಗುತ್ತದೆ. ತುಂಡುಗಳನ್ನು ಸಾಬೂನು ನೀರಿನಲ್ಲಿ ತೊಳೆದು, ಚೌಕಟ್ಟಿನಿಂದ ಕತ್ತರಿಸಿ, ಉಳಿದ ಗಂಟನ್ನು ಅರದಿಂದ ಉಜ್ಜಬೇಕು. ಇದರ ಅಂಟು ನಮ್ಮ ಗೋಂದಿನ ಹಾಗಲ್ಲ, ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಒಂದನ್ನೊಂದಕ್ಕೆ ಬೆಸೆಯುತ್ತದೆ. ಒಂದು ಹನಿ ಹೆಚ್ಚಾದರೆ ಕೆಲಸ ಕೆಟ್ಟಿತು. ಒಡಲಿನ ಎಡಬಲದ ಎರಡು ಪಾಲುಗಳನ್ನು ಕೂಡಿಸುವ ಮೊದಲೇ ಒಳಗಿನ ಆಸನಗಳನ್ನೂ ಉಪಕರಣಗಳನ್ನೂ ಕೂರಿಸಿ ಬಣ್ಣ ಹಚ್ಚಿಬಿಡಬೇಕು. ಆಮೇಲೆ ಕೈ ಹೋಗುವುದಿಲ್ಲ.

ನನಗೆ ಮೊದಲು ಬೆರಗು ಹುಟ್ಟಿಸಿದ್ದು ಇದೇ. ನಿಜವಾದ ಮಾಸ್ಕಿಟೊವನ್ನೂ ಹೆಚ್ಚುಕಡಮೆ ಹೀಗೆಯೇ ಕಟ್ಟುತ್ತಿದ್ದರಂತೆ. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪೆನಿಯವರು ಮಾಡಿದ ಈ ವಿಮಾನ 1940ರ ನವೆಂಬರ್ 25ರಂದು ಮೊದಲು ಹಾರಿತು. ಲೋಹಕ್ಕೆ ಎಳೆದಾಟವಿದ್ದ ಆ ಕಾಲದಲ್ಲಿ ಅದನ್ನು ಮರದಿಂದ ಮಾಡಿದರು. ಬರ್ಚ್ ಮರದ ತೆಳು ಹಲಗೆಗಳ ನಡುವೆ ಹಗುರವಾದ ಬಾಲ್ಸಾ ಮರವಿಟ್ಟು, ಅಚ್ಚಿನ ಮೇಲೆ ಬಾಗಿಸಿ, ಒಡಲನ್ನು ಎರಡು ಹೋಳುಗಳಾಗಿ ಮಾಡಿ, ಒಳಗಿನ ತಂತಿ ಕೊಳವೆಗಳನ್ನೆಲ್ಲ ಜೋಡಿಸಿದ ಬಳಿಕ ಎರಡನ್ನೂ ಅಂಟಿಸುತ್ತಿದ್ದರು. ಮೇಜು ಕುರ್ಚಿ ಮಾಡುತ್ತಿದ್ದ ಬಡಗಿಗಳಿಗೆ ಇದರಲ್ಲಿ ಕೆಲಸ ಸಿಕ್ಕಿತು. ಒಟ್ಟು 7,781 ವಿಮಾನಗಳು ತಯಾರಾದವು. ಅವುಗಳಲ್ಲಿ ಕೆಲವು ನಮ್ಮ ದೇಶಕ್ಕೂ ಬಂದವು. 1944ರಲ್ಲಿ ಇಲ್ಲಿನ ಸೆಖೆ ಮತ್ತು ತೇವದ ನಡುವೆ ಕೆಲವು ವಿಮಾನಗಳ ಅಂಟಿಸಿದ ಸಂದುಗಳು ಬಿಟ್ಟು ಅಪಘಾತಗಳಾದಾಗ ಹಾರಾಟ ನಿಲ್ಲಿಸಿ ಪರೀಕ್ಷಿಸಬೇಕಾಯಿತು. ಆಟಿ ತಿಂಗಳಲ್ಲಿ ಉಬ್ಬಿ ಮುಚ್ಚಲಾಗದ ಬಾಗಿಲನ್ನು ಕಂಡ ನಮಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗನೂ ನಾನೂ ಮೂರು ವಾರ ಈ ಕೆಲಸದಲ್ಲಿ ಮುಳುಗಿದೆವು. ಹೊರಗೆ ಧೋ ಎಂದು ಮಳೆ. ಒಳಗೆ ದೀಪದ ಕೆಳಗೆ ಎರಡು ತಲೆಗಳು. ಮೇಲ್ಮೈಗೆ ಕಡು ಹಸಿರು ಮತ್ತು ಕಡಲಿನ ಬೂದು. ಕೆಳಗಿನಿಂದ ನೋಡುವವರ ಕಣ್ಣಿಗೆ ಬಾನಿನಲ್ಲಿ ಬೆರೆತುಹೋಗಲೆಂದು ಹೊಟ್ಟೆಯ ಭಾಗಕ್ಕೆ ತಿಳಿ ಬೂದು. ಅಕ್ಷರಗಳನ್ನೂ ವೃತ್ತಗಳನ್ನೂ ನೀರಿನಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಕೂರಿಸಿದೆವು. ಕೊನೆಗೆ ವಿಮಾನವನ್ನು ಹಳೆಯದಾಗಿ ಕಾಣಿಸುವ ಕೆಲಸ: ಎಂಜಿನಿನ ಹಿಂದೆ ಹೊಗೆಯ ಕಲೆ, ಗಾಲಿಗೆ ಕೆಸರು, ಹತ್ತಿ ಇಳಿಯುವಲ್ಲಿ ಸವೆದ ಬಣ್ಣ. ಬಣ್ಣ ಕಿತ್ತಲ್ಲಿ ಬೆಳ್ಳಿಯ ಚುಕ್ಕೆ ಇಡಲು ನಾನು ಕುಂಚ ಎತ್ತಿದೆ. "ಅಜ್ಜ, ಇದು ಮರದ್ದಲ್ಲವಾ? ಒಳಗೆ ಬೆಳ್ಳಿ ಎಲ್ಲಿಂದ ಬರ್ತದೆ?" ಎಂದ ಹುಡುಗ. ಅವನ ಮಾತು ಸರಿ. ಸತ್ಯಕ್ಕೆ ಅಪಚಾರವಾಗಬಾರದೆಂದು ಆ ಕುಂಚವನ್ನು ಕೆಳಗಿಟ್ಟೆ.

ಆ ಹೊತ್ತಿಗೆ ನನ್ನಲ್ಲೊಂದು ಹೆಮ್ಮೆಯೂ ಮೂಡಿತ್ತು. ಇಷ್ಟು ಸಣ್ಣ ವಿಷಯದಲ್ಲೂ ಸುಳ್ಳಾಗಬಾರದೆಂಬ ಎಚ್ಚರ ಒಂದು ನೈತಿಕ ಗುಣವೇ ಸರಿ ಎಂದುಕೊಂಡಿದ್ದೆ. ಅಷ್ಟರಲ್ಲಿ ಹುಡುಗ ಸೂಚನೆಯ ಹಾಳೆಯನ್ನು ತಿರುವುತ್ತ, "ಇದು ಎಲ್ಲಿಗೆ ಹೋದದ್ದು ಅಜ್ಜ?" ಎಂದು ಕೇಳಿದ. ಯಾವ ಬಣ್ಣ ಎಲ್ಲಿ ಎಂದು ಅಂಗುಲ ಅಂಗುಲವಾಗಿ ತಿಳಿಸಿದ ಆ ಹಾಳೆಯಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರವಿತ್ತು: ಕೋಪನ್‌ಹೇಗನ್ ದಾಳಿ, 21 ಮಾರ್ಚ್ 1945. ಉಳಿದುದನ್ನು ನಾನು ಹುಡುಕಿ ಓದಬೇಕಾಯಿತು.

1940ರಿಂದ ಜರ್ಮನರ ವಶದಲ್ಲಿದ್ದ ಡೆನ್ಮಾರ್ಕಿನ ರಾಜಧಾನಿಯಲ್ಲಿ ಶೆಲ್‌ಹುಸ್ ಎಂಬ ಕಟ್ಟಡ ಗೆಸ್ಟಾಪೊ ಎಂಬ ಗುಪ್ತ ಪೊಲೀಸರ ಕಚೇರಿಯಾಗಿತ್ತು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದವರ ವಿವರಗಳೆಲ್ಲ ಅಲ್ಲಿನ ಕಡತಗಳಲ್ಲಿ ಸೇರಿದ್ದವು. ಬಾಂಬು ಬೀಳದಿರಲೆಂದು ಬಂದಿಗಳನ್ನು ಅದರ ಮೇಲಿನ ಅಂತಸ್ತಿನಲ್ಲೇ ಇರಿಸಿದ್ದರು. ಹೋರಾಟಗಾರರೇ ಬ್ರಿಟಿಷರನ್ನು ಬೇಡಿಕೊಂಡರು, ಆ ಕಟ್ಟಡವನ್ನು ಕೆಡವಿರೆಂದು. ಮಾಸ್ಕಿಟೊಗಳು ಮೂರು ಅಲೆಗಳಲ್ಲಿ ಮಾಡಿನ ಎತ್ತರದಲ್ಲಿ ಹಾರಿ ಬಂದವು. ಕಟ್ಟಡ ಹೊತ್ತಿ ಉರಿಯಿತು. ಬಂದಿಗಳಲ್ಲಿ ಹೆಚ್ಚಿನವರು ತಪ್ಪಿಸಿಕೊಂಡರು. ಆದರೆ ಮೊದಲ ಅಲೆಯ ಒಂದು ವಿಮಾನ ದೀಪದ ಕಂಬಕ್ಕೆ ತಾಗಿ, ಜೋನ್ ಆಫ್ ಆರ್ಕಳ ಹೆಸರಿನ ಒಂದು ಶಾಲೆಯ ಬಳಿ ಬಿದ್ದಿತ್ತು. ಹಿಂದಿನಿಂದ ಬಂದ ಕೆಲವರು ಆ ಹೊಗೆಯನ್ನೇ ಗುರಿಯೆಂದು ಭ್ರಮಿಸಿ ಶಾಲೆಯ ಮೇಲೆ ಬಾಂಬು ಹಾಕಿದರು. 86 ಮಕ್ಕಳು ಸತ್ತರು. ಮಕ್ಕಳೊಂದಿಗಿದ್ದ ಕ್ರೈಸ್ತ ಭಗಿನಿಯರೂ ಸತ್ತರು. ಆರೇಳು ವಾರಗಳೊಳಗೆ ಡೆನ್ಮಾರ್ಕ್ ಬಿಡುಗಡೆಯಾಯಿತು.

ನಾವು ಹೊಗೆಯ ಕಲೆಯನ್ನು ಎಷ್ಟು ಜತನದಿಂದ ಬಳಿದಿದ್ದೆವು! ವಿಮಾನಕ್ಕೆ ತಗಲಿದ ಗೀರುಗಳೆಲ್ಲ ನಮ್ಮ ಲೆಕ್ಕದಲ್ಲಿದ್ದವು. ವಿಮಾನ ಮಾಡಿದ ಗಾಯಕ್ಕೆ ಮಾತ್ರ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ಹಾಗಾದರೆ ನನ್ನ ಸತ್ಯನಿಷ್ಠೆ ಎಂಥದು?

ಇದಕ್ಕೆ ಸುಲಭವಾದ ಎರಡು ಉತ್ತರಗಳಿವೆ. ಇದೊಂದು ಹವ್ಯಾಸ, ಪ್ಲಾಸ್ಟಿಕ್ ಯಾರನ್ನೂ ಕೊಲ್ಲುವುದಿಲ್ಲ, ಇಷ್ಟಕ್ಕೆಲ್ಲ ಧರ್ಮಜಿಜ್ಞಾಸೆ ಯಾಕೆ ಎಂಬುದು ಒಂದು. ಕೊಲೆಯ ಸಾಧನವನ್ನು ಚಂದಗಾಣಿಸುವುದೇ ಪಾಪ, ಪೆಟ್ಟಿಗೆಯನ್ನು ಎಸೆದುಬಿಡಿ ಎಂಬುದು ಇನ್ನೊಂದು. ಮೊದಲನೆಯದು ನನಗೆ ಒಪ್ಪಿಗೆಯಾಗಲಿಲ್ಲ. ಮೂರು ವಾರ ಪ್ರೀತಿಯಿಂದ ನೋಡಿದ ವಸ್ತು ನೋಡಿದವನ ಮನಸ್ಸಿನಲ್ಲಿ ಏನನ್ನೂ ಉಳಿಸುವುದಿಲ್ಲವೆಂದರೆ ಶಿಲ್ಪಕ್ಕೂ ಚಿತ್ರಕ್ಕೂ ಅರ್ಥವಿಲ್ಲ. ಎರಡನೆಯದನ್ನು ಒಪ್ಪಲು ಹೊರಟಾಗ ನೆನಪಾದದ್ದು ನಮ್ಮ ಕುಂಬಳೆ ಸೀಮೆಯ ಆಟದ ಚೌಕಿ.

ಚೌಕಿಯಲ್ಲಿ ಬಣ್ಣದ ವೇಷದವರು ಮುಖಕ್ಕೆ ಚಿಟ್ಟಿ ಇಡುವುದನ್ನು ನಾನು ಹುಡುಗನಾಗಿದ್ದಾಗ ನಿದ್ದೆಗೆಟ್ಟು ನೋಡಿದ್ದೇನೆ. ಅಕ್ಕಿಹಿಟ್ಟು ಸುಣ್ಣ ಕಲಸಿ, ಕನ್ನಡಿಯ ಮುಂದೆ ಕೂತು, ಗಂಟೆಗಟ್ಟಲೆ ಚುಕ್ಕೆಯ ಮೇಲೆ ಚುಕ್ಕೆ ಇಡುತ್ತ ಒಬ್ಬ ಸಾಧು ಮನುಷ್ಯ ರಾವಣನಾಗುತ್ತಾನೆ. ಮಲಯಾಳದ ಓದುಗರು ಕಥಕಳಿಯ ಅಣಿಯರದಲ್ಲಿ ಕತ್ತಿವೇಷಕ್ಕೆ ಚುಟ್ಟಿ ಇಡುವುದನ್ನು ನೆನೆದುಕೊಳ್ಳಬಹುದು. ರಾಮನ ಮುಖಕ್ಕಿಂತ ರಾವಣನ ಮುಖಕ್ಕೆ ಹೆಚ್ಚು ಹೊತ್ತು, ಹೆಚ್ಚು ಕೌಶಲ ಬೇಕು. ಆದರೂ ಕಲಾವಿದನು ರಾಕ್ಷಸನನ್ನು ಹೊಗಳುತ್ತಿದ್ದಾನೆಂದು ಯಾರೂ ಹೇಳಿದ್ದಿಲ್ಲ. ಯಾಕೆಂದರೆ ಆ ವೇಷ ಚೌಕಿಯಲ್ಲಿಯೇ ನಿಲ್ಲುವುದಿಲ್ಲ. ಅದು ರಂಗಕ್ಕೆ ಬರುತ್ತದೆ, ಅಬ್ಬರಿಸುತ್ತದೆ, ಮಾಡಬಾರದ್ದನ್ನು ಮಾಡುತ್ತದೆ, ಮಾಡಿದ್ದನ್ನು ಬೆಳಗಾಗುವುದರೊಳಗೆ ಉಣ್ಣುತ್ತದೆ. ಭಾಗವತರು ಮಂಗಳ ಹಾಡುವಾಗ ಆ ಮುಖದ ಚೆಲುವು ನಮ್ಮ ನೆನಪಿನಲ್ಲಿ ಒಂಟಿಯಾಗಿರುವುದಿಲ್ಲ. ಸೀತೆಯ ಅಳುವೂ ಜೊತೆಗಿರುತ್ತದೆ. ವೇಷವನ್ನು ಪ್ರಸಂಗ ಕಾಯುತ್ತದೆ.

ನನ್ನ ಮೇಜಿನ ಮೇಲಿನ ವಿಮಾನದ ಕೊರತೆ ಇದೇ ಎಂದು ನನಗೆ ತೋರಿತು. ಅದು ಪ್ರಸಂಗದಿಂದ ಕಳಚಿಕೊಂಡ ವೇಷ. ಕನ್ನಡಿ ಕಪಾಟಿನೊಳಗೆ ನಿತ್ಯವೂ ಒಡ್ಡೋಲಗ ಕೊಡುತ್ತ ನಿಂತಿರುತ್ತದೆ. ಆಟ ಮುಂದೆ ಸಾಗುವುದೇ ಇಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ಮಾಸ್ಕಿಟೊವನ್ನು ಬಣ್ಣದ ವೇಷವೆನ್ನುವುದು ಅನ್ಯಾಯ. ಹುಡುಗ ಕೇಳಿದ್ದೂ ಅದನ್ನೇ, "ಇದು ಒಳ್ಳೆಯವರ ವಿಮಾನವಾ ಕೆಟ್ಟವರದ್ದಾ?" ನಾಲ್ಕಾರು ವಾಕ್ಯಗಳಲ್ಲಿ ಉತ್ತರಿಸಲು ಹೋಗಿ ತೊದಲಿದೆ. 1942ರಲ್ಲಿ ನಮ್ಮವರನ್ನು ಸೆರೆಗೆ ತಳ್ಳಿದ ಸರಕಾರದ್ದೇ ವಿಮಾನ ಅದು. ಆದರೆ ಅಂದು ಕೋಪನ್‌ಹೇಗನ್ನಿನಲ್ಲಿ ಅದು ಬಂದಿಗಳ ಪಕ್ಷದಲ್ಲಿತ್ತು. ವಿಮಾನ ನಡೆಸಿದವರಲ್ಲಿ ಯಾರೂ ಶಾಲೆಯನ್ನು ಬಯಸಿರಲಿಲ್ಲ; ಅವರಲ್ಲಿಯೂ ಕೆಲವರು ಹಿಂದಿರುಗಲಿಲ್ಲ. ನ್ಯಾಯವಾದ ಕಾರಣ, ಧೈರ್ಯದ ಕೆಲಸ, 86 ಮಕ್ಕಳು: ಈ ಮೂರರಲ್ಲಿ ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ.

ಮಹಾಭಾರತಕ್ಕೆ ಇದು ಗೊತ್ತಿತ್ತು. ಧರ್ಮರಾಯನ ರಥ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿತ್ತಂತೆ. ದ್ರೋಣರಿಗೆ ಅರ್ಧಸತ್ಯ ಹೇಳಿದ ಆ ದಿನ ಅದು ನೆಲಕ್ಕೆ ತಾಗಿತು. ಯುದ್ಧವನ್ನು ಗೆದ್ದವನು ಅವನೇ, ಗೆಲ್ಲಬೇಕಾದವನೂ ಅವನೇ. ಹಾಗೆಂದು ಕವಿ ರಥವನ್ನು ಮತ್ತೆ ನಾಲ್ಕು ಬೆರಳು ಎತ್ತಿ ನಿಲ್ಲಿಸಲಿಲ್ಲ. ಕೆಟ್ಟವರ ಕಥೆಯನ್ನು ಪೂರ್ತಿ ಹೇಳುವುದು ಸುಲಭ. ನಮ್ಮ ಕಡೆಯವರ ಕಥೆಯನ್ನು ಪೂರ್ತಿ ಹೇಳುವಾಗಲೇ ಗಂಟಲು ಕಟ್ಟುವುದು.

ಕಟ್ಟುವುದನ್ನೇ ಬಿಟ್ಟರೆ ಇದು ಪರಿಹಾರವಾಗುತ್ತದೆಯೆ? ಜಪಾನಿನ ಶಿಜುವೊಕಾ ನಗರ 1945ರ ಜೂನ್ ತಿಂಗಳಲ್ಲಿ ಅಮೆರಿಕದ ಬಾಂಬುಗಳಿಂದ ಸುಟ್ಟಿತು. ಅದೇ ಊರಿನಲ್ಲಿ ಮರದ ವ್ಯವಹಾರದಿಂದ ತೊಡಗಿದ ತಮಿಯಾ ಕಂಪೆನಿ ಮುಂದೆ ಯುದ್ಧವಿಮಾನಗಳ ಮಾದರಿಗಳಿಗೆ ಲೋಕಪ್ರಸಿದ್ಧವಾಯಿತು. ಅವರ ಮಾಸ್ಕಿಟೊವೂ ಇದೆ. ಬಾಂಬಿನ ಕೆಳಗಿದ್ದ ಊರೇ ವಿಮಾನದ ಮಾದರಿಯನ್ನು ಕೈಯಲ್ಲಿ ಹಿಡಿಯಬಲ್ಲದಾದರೆ, ಹಿಡಿಯುವುದೇ ತಪ್ಪೆನ್ನಲು ನನಗೆ ಅಧಿಕಾರವಿಲ್ಲ. ಕಪಾಟಿನಿಂದ ವಿಮಾನ ಹೋದರೆ ಅದರ ಹಿಂದೆಯೇ ಹುಡುಗನ ಪ್ರಶ್ನೆಯೂ ಹೋಗುತ್ತದೆ. ಆ ವಸ್ತು ಕೈಯಲ್ಲಿಲ್ಲದಿದ್ದರೆ ದೂರದ ಆ ಶಾಲೆಯ ಹೆಸರು ನಮ್ಮ ಮನೆಯ ಜಗಲಿಯಲ್ಲಿ ಕೇಳಿಬರುತ್ತಿತ್ತೆ?

ಹಾಗಾಗಿ ವಿಮಾನವನ್ನು ಎಸೆಯಲಿಲ್ಲ. ನಿಲ್ಲಿಸಲು ಹಲಸಿನ ಹಲಗೆಯ ಒಂದು ಪೀಠ ಮಾಡಿದೆ. ಇಂಥ ಪೀಠದ ಮೇಲೆ ಹೆಸರು, ವೇಗ, ಎಂಜಿನಿನ ಶಕ್ತಿ ಬರೆಯುವುದು ರೂಢಿ. ನಾನು ಏನು ಬರೆಯಲಿ ಎಂದು ಯೋಚಿಸುತ್ತಿದ್ದಾಗ ಹುಡುಗ ಗೋಡೆಗೆ ಬೆನ್ನು ತಾಗಿಸಿ ನಿಂತು, "ಅಜ್ಜ, ನನ್ನ ಎತ್ತರ ಅಳೆಯಿರಿ" ಎಂದ. ನಾಲ್ಕೂವರೆ ಅಡಿ. ಅದನ್ನು ಇಂಚು ಮಾಡಿ, ಎಪ್ಪತ್ತೆರಡರಿಂದ ಭಾಗಿಸಿ, ಪೆನ್ಸಿಲಿನಿಂದ ಪೀಠದ ಮೇಲೆ ವಿಮಾನದ ರೆಕ್ಕೆಯ ಕೆಳಗೆ ಮುಕ್ಕಾಲು ಇಂಚಿನ ಒಂದು ಗೆರೆ ಎಳೆದ.

"ಇದು ಅದೇ ಪ್ರಮಾಣದಲ್ಲಿ ನಾನು" ಎಂದ.

ಗೆರೆಯ ಪಕ್ಕದಲ್ಲಿ ನಾನು ತಾರೀಕನ್ನೂ 86 ಎಂಬ ಅಂಕೆಯನ್ನೂ ಬರೆದೆ. ಆಗಸ್ಟಿನ ಕೊನೆಗೆ ಅವರೆಲ್ಲ ದುಬಾಯಿಗೆ ಮರಳಿದರು. ವಿಮಾನ ಇಲ್ಲಿಯೇ ಇದೆ. ಮನೆಗೆ ಬಂದವರು ಮೊದಲು ಅದರ ಚಂದವನ್ನು ಹೊಗಳುತ್ತಾರೆ. ಆಮೇಲೆ ಬಗ್ಗಿ, ಕೆಳಗಿನ ಆ ಗೆರೆ ಏನೆಂದು ಕೇಳುತ್ತಾರೆ. ಆಗ ಕುಳ್ಳಿರಿಸಿ ಕಥೆ ಹೇಳುತ್ತೇನೆ.