ಸಂಕಮ್ಮ ಯಾವ ವಿಭಾಗಕ್ಕೆ ಸೇರಿದವಳು?

ಕಾಮಗೆರೆಯಿಂದ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಗಿ ಬಿ.ಎ.ಯಲ್ಲಿ ಇತಿಹಾಸ ಓದುವ ಮಕ್ಕಳು ಆಧುನಿಕ ಕರ್ನಾಟಕದ ಪಾಠದಲ್ಲಿ ಮೈಸೂರು ಸಂಸ್ಥಾನವನ್ನು ಓದುತ್ತಾರೆ. 1881ರ ಪ್ರಜಾಪ್ರತಿನಿಧಿ ಸಭೆ, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್, 1947ರ ಮೈಸೂರು ಚಲೋ, ಎಲ್ಲವನ್ನೂ ನಮ್ಮದೆಂದೇ ಬರೆದು ಅಂಕ ಪಡೆಯುತ್ತಾರೆ. ಅವರ ಅಜ್ಜ ಮುತ್ತಜ್ಜಂದಿರ ಪಾಲಿಗೆ ಅದು ಪರರಾಜ್ಯವಾಗಿತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಯಿತು. 1956ರ ನವೆಂಬರ್ 1ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿಯೇ ಉಳಿಯಿತು. ಮಗ್ಗುಲಲ್ಲೇ ಇರುವ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನೊಳಗಿತ್ತು. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ನಾಲ್ಕನೆಯ ಶಾಸನ ಸಂಪುಟದಲ್ಲಿ ಯಳಂದೂರಿನ ಕಲ್ಲುಗಳಿವೆ, ಕೊಳ್ಳೇಗಾಲದವು ಇಲ್ಲ. ಶಾಸನ ಇರಲಿಲ್ಲವೆಂದಲ್ಲ, ಸರಹದ್ದು ಅಡ್ಡ ಬಂದಿತ್ತು.

ಈ ಕೊರತೆಗೆ ಎಲ್ಲರೂ ಹೇಳುವ ಪರಿಹಾರ ಒಂದಿದೆ: ಪಠ್ಯಕ್ಕೆ ಸ್ಥಳೀಯ ಇತಿಹಾಸದ ಒಂದು ಅಧ್ಯಾಯ ಸೇರಿಸುವುದು. ಸೇರಿಸಲಿ. ಆದರೆ ನನ್ನ ಕೇಳಿಕೆ ಅದಕ್ಕಿಂತ ದೊಡ್ಡದು. ಊರಿನ ಹೆಸರು ಪುಸ್ತಕದಲ್ಲಿ ಬಂತೆಂಬ ಸಂತೋಷಕ್ಕೆ ಮೂರು ವರ್ಷದ ಪದವಿ ಬೇಕಾಗಿಲ್ಲ. ಹೇಳಿದ್ದನ್ನು ಯಾರು ಹೇಳಿದರು, ಯಾರಿಗಾಗಿ ಹೇಳಿದರು, ಯಾವುದನ್ನು ಬಿಟ್ಟು ಹೇಳಿದರು ಎಂದು ಕೇಳುವ ಶಕ್ತಿ ಆ ಮಗುವಿಗೆ ಬರಬೇಕು. ಆ ಪ್ರಶ್ನೆಯನ್ನು ರಾಜನ ಶಾಸನಕ್ಕೂ ಕೇಳಬೇಕು, ತನ್ನ ಮನೆಯ ಹಾಡಿಗೂ ಕೇಳಬೇಕು. ಎರಡನೆಯದಕ್ಕೆ ನಮ್ಮ ಇತಿಹಾಸದ ತರಗತಿಗಳು ಇನ್ನೂ ಕೈ ಹಾಕಿಲ್ಲ.

ಈ ಸೀಮೆಯ ಇಬ್ಬರು ಹೆಣ್ಣುಮಕ್ಕಳನ್ನೇ ನೋಡಿ. ಒಬ್ಬಳು ಯಳಂದೂರಿನ ಸಂಚಿಯ ಹೊನ್ನಮ್ಮ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಊಳಿಗಕ್ಕಿದ್ದು 'ಹದಿಬದೆಯ ಧರ್ಮ' ಬರೆದವಳು. ಪತಿವ್ರತೆಯ ನಡತೆಯನ್ನು ಸಾಂಗತ್ಯದಲ್ಲಿ ಹೇಳುತ್ತಲೇ, ಹೆಣ್ಣುಮಗುವನ್ನು ಕೀಳಾಗಿ ಕಾಣುವುದೇಕೆಂದು ಕೇಳಿದವಳು. ಇನ್ನೊಬ್ಬಳು ಮಲೆ ಮಾದೇಶ್ವರ ಕಾವ್ಯದ ಸಂಕಮ್ಮ, ಸೋಲಿಗರ ಹೆಣ್ಣು. ಕಾಡಿಗೆ ಹೊರಟ ಗಂಡ ನೀಲಯ್ಯ, ತಾನು ಬರುವತನಕ ಕೆಟ್ಟು ನಡೆಯುವುದಿಲ್ಲವೆಂದು ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಟ್ಟರೂ ಕೊಡುವುದಿಲ್ಲ. ಕಂಸಾಳೆಯವರು ಈ ಕಥಾಭಾಗವನ್ನು, ಅಂದರೆ ಸಂಕಮ್ಮನ ಸಾಲನ್ನು, ಹಾಡುವಾಗ ಕೇಳುತ್ತ ಕೂತ ಹೆಂಗಸರ ಕಣ್ಣು ತೇವವಾಗುತ್ತದೆ.

ಹೊನ್ನಮ್ಮ ಬರೆದಳು, ಹೀಗಾಗಿ ಅವಳಿಗೆ ಕಾಲವಿದೆ, ಆಶ್ರಯದಾತನಿದ್ದಾನೆ, ಒಡೆಯರ ಕಾಲದ ಸಾಹಿತ್ಯವೆಂಬ ಉಪಶೀರ್ಷಿಕೆಯಡಿ ಇತಿಹಾಸದಲ್ಲೂ ಒಂದು ಸಾಲು ಸಿಗುತ್ತದೆ. ಸಂಕಮ್ಮನಿಗೆ ಇಸವಿಯಿಲ್ಲ. ಅವಳು ಸಿಗುವುದು ಕನ್ನಡ ವಿಭಾಗದಲ್ಲಿ, ಜಾನಪದದ ಪತ್ರಿಕೆಯಲ್ಲಿ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ 'ಮಲೆಯ ಮಾದೇಶ್ವರ' 1973ರಷ್ಟು ಹಿಂದೆಯೇ ಅಚ್ಚಾಯಿತು. ಆದರೂ ಒಂದೇ ಕಾಲೇಜಿನ ಒಂದು ಕೊಠಡಿಯಲ್ಲಿ ಅದು ಮಹಾಕಾವ್ಯ, ಪಕ್ಕದ ಕೊಠಡಿಯಲ್ಲಿ ಅದರ ಸುಳಿವೇ ಇಲ್ಲ. ಈ ಗೋಡೆಯನ್ನು ನಾನು ಒಪ್ಪಲಾರೆ.

ಸಂಕಮ್ಮ ಇತಿಹಾಸದ ಕೊಠಡಿಗೆ ಬಂದರೆ ಏನಾಗುತ್ತದೆ? ಅವಳು ನಿಜವಾಗಿ ಇದ್ದಳೋ ಎಂಬ ಪ್ರಶ್ನೆ ಅಷ್ಟು ಮುಖ್ಯವಲ್ಲ. ಈ ಹಾಡು ಸೋಲಿಗರದೋ, ಸೋಲಿಗರನ್ನು ಒಕ್ಕಲು ಮಾಡಿಕೊಂಡವರದೋ? ಭಾಷೆ ಕೊಡದ ಹೆಣ್ಣಿನ ಕಥೆಯನ್ನು ತಲೆಮಾರುಗಳ ಕಾಲ ಹಾಡಿಕೊಂಡು ಬಂದವರು ಕಂಸಾಳೆ ಹಿಡಿದ ದೇವರಗುಡ್ಡರಾದ ಗಂಡಸರು, ಹಾಗಾದರೆ ಅವಳ ಹಟದಲ್ಲಿ ಅವರು ಕಂಡದ್ದೇನು? ಮಾದೇಶ್ವರ ಅವಳಿಗೆ ಮಕ್ಕಳ ವರ ಕೊಡುವಲ್ಲಿ ಕಾಡಿನ ಜನಕ್ಕೂ ಮಠದ ದೇವರಿಗೂ ನಡುವೆ ಏನು ಒಪ್ಪಂದವಾಯಿತು? ಬಿಳಿಗಿರಿರಂಗನ ಬೆಟ್ಟದಲ್ಲಿ, ಮಾದೇಶ್ವರನ ಬೆಟ್ಟದಲ್ಲಿ ಸೋಲಿಗರು ಇವತ್ತಿಗೂ ಇದ್ದಾರೆ. ಅವರು ಈ ಕಥೆಯನ್ನು ಹೇಗೆ ಹೇಳುತ್ತಾರೆ ಎಂದು ಹೋಗಿ ಕೇಳಬಹುದು.

ಕಾಮಗೆರೆಗೆ ಇನ್ನೂ ಹತ್ತಿರದ್ದು ಚಿಕ್ಕಲ್ಲೂರು. ಬನದ ಹುಣ್ಣಿಮೆಯ ಐದು ದಿನದ ಜಾತ್ರೆಗೆ ಹೋಗದವರು ಈ ಕಡೆ ಕಡಿಮೆ. ಆ ಜಾತ್ರೆಯ ಸಿದ್ದಪ್ಪಾಜಿ, ಮಂಟೇಸ್ವಾಮಿಯ ಶಿಶುಮಗ, ಹಾಡಿನಲ್ಲಿ ಹಲಗೂರಿನ ಕಮ್ಮಾರರಾದ ಪಾಂಚಾಳರ ಮುಂದೆ ನಿಂತು ಬೇಡಿದ್ದು ಅನ್ನವನ್ನಲ್ಲ, ಕಬ್ಬಿಣವನ್ನು. ಮಂಟೇಸ್ವಾಮಿಯ ಹಾಡುಗಾರರಾದ ನೀಲಗಾರರ ಬಾಯಲ್ಲಿ ಇದನ್ನು ಎಳವೆಯಿಂದ ಕೇಳಿದ ಹುಡುಗನೇ ತರಗತಿಯಲ್ಲಿ ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯ ಕಾರಣಗಳನ್ನು ಬಾಯಿಪಾಠ ಮಾಡುತ್ತಾನೆ. ಕಬ್ಬಿಣ ಯಾರ ಕೈಯಲ್ಲಿತ್ತು, ಅದನ್ನು ಕೊಡಲು ಅವರೇಕೆ ಒಲ್ಲರು, ಒಕ್ಕಲಿಗನ ಗುಳಕ್ಕೆ ಅದು ಎಷ್ಟು ದುಬಾರಿಯಾಗಿದ್ದಿರಬೇಕು ಎಂದು ಅವನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಇಂಗ್ಲೆಂಡಿನ ಪಾಠವೂ ಅವನಿಗೆ ಬೇರೆಯಾಗಿ ತಿಳಿಯುತ್ತಿತ್ತು.

ದೇವರ ಹಾಡನ್ನು ಹೀಗೆ ಕೆದಕುವುದು ನಂಬಿಕೆಗೆ ನೋವು ಮಾಡಿದಂತೆ ಎನ್ನುವವರಿದ್ದಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಅಶೋಕನ ಶಾಸನವನ್ನು ಸಾಲು ಸಾಲಾಗಿ ಪ್ರಶ್ನಿಸಿ, ಮಂಟೇಸ್ವಾಮಿಯ ಹಾಡಿಗೆ ಬರೀ ಕೈಮುಗಿದು ಮುಂದೆ ಹೋದರೆ, ಅದರಲ್ಲಿ ಪ್ರಶ್ನೆಗೆ ನಿಲ್ಲುವಂಥದ್ದೇನೂ ಇಲ್ಲವೆಂದು ನಾವೇ ತೀರ್ಮಾನಿಸಿದ ಹಾಗಾಗುತ್ತದೆ. ಅದಕ್ಕಿಂತ ದೊಡ್ಡ ಅಗೌರವ ನನಗೆ ಕಾಣದು. ಪ್ರಶ್ನಿಸದೆ ಬಿಟ್ಟ ಹಾಡನ್ನು ಇನ್ಯಾರೋ ತಮ್ಮ ಜಾತಿಯ ಹಿರಿಮೆಗೆ ಬಳಸಿಕೊಳ್ಳುವುದನ್ನೂ ನೋಡುತ್ತಲೇ ಇದ್ದೇವೆ.

ಇನ್ನೊಂದು ಆಕ್ಷೇಪ ಮಕ್ಕಳದ್ದೇ, ನ್ಯಾಯವಾದದ್ದು. ಮನೆಯಲ್ಲಿ ರೇಷ್ಮೆಯೋ ಅರಿಸಿನವೋ ಬೆಳೆದ ದುಡ್ಡು ಸಾಲದು. ಪಿಡಿಒ, ಎಫ್‌ಡಿಎ, ಪೊಲೀಸ್ ಪರೀಕ್ಷೆ ಪಾಸಾಗಬೇಕು. ಗೈಡು, ನೋಟ್ಸು, ಇಂಪಾರ್ಟೆಂಟ್ ಪ್ರಶ್ನೆ ಇಷ್ಟಿದ್ದರೆ ಸಾಕು. ಹಲವು ಕಡೆ ಪಾಠ ನಡೆಸುವವರು ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದ ಅತಿಥಿ ಉಪನ್ಯಾಸಕರು. ಅವರಿಗೆ ಹೊಸ ಹೊರೆ ಹೊರಿಸಲು ನನಗೆ ಮನಸ್ಸಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಅಷ್ಟು ಗದ್ದಲದ ನಡುವೆ ಪ್ರಶ್ನೆಪತ್ರಿಕೆ ಏನನ್ನು ಕೇಳಬೇಕೆಂಬ ಚರ್ಚೆ ಮಾತ್ರ ಏಳಲಿಲ್ಲ. ಬದಲಾವಣೆ ಅಲ್ಲಿಂದಲೇ ಶುರುವಾಗಬಹುದು, ಅದಕ್ಕೆ ಹಣವೂ ಬೇಡ. ಯಳಂದೂರಿನ ಒಂದು ದಾನಶಾಸನದ ನಾಲ್ಕು ಸಾಲು, ಸಂಕಮ್ಮನ ಸಾಲಿನ ಹತ್ತು ಸಾಲು ಅಚ್ಚು ಹಾಕಿ ಕೊಡಿ. ಇವೆರಡರಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು, ಯಾಕೆ ಎಂದು ಹತ್ತು ಅಂಕಕ್ಕೆ ಕೇಳಿ. ಇದಕ್ಕೆ ಯಾವ ಗೈಡಿನಲ್ಲೂ ಉತ್ತರ ಸಿಗುವುದಿಲ್ಲ, ಕಾಮಗೆರೆಯ ಹುಡುಗಿ ತಾನೇ ಯೋಚಿಸಿ ಬರೆಯಬೇಕಾಗುತ್ತದೆ.